ಬಂಕ್‌ನಿಂದ ಬ್ಯಾಂಕಿಗೆ: ಕಲಬುರಗಿಯಲ್ಲಿ ನಾವು ಬಳಸುತ್ತಿರುವ ಕ್ಯಾಶ್ ವ್ಯಾನ್ ಸೇವೆ ಹೇಗಿದೆ

ಹುಮನಾಬಾದ್ ರಸ್ತೆಯಲ್ಲಿರುವ ನಮ್ಮ ಪೆಟ್ರೋಲ್ ಬಂಕ್‌ನ ನಗದನ್ನು ಬ್ಯಾಂಕಿಗೆ ಮುಟ್ಟಿಸಲು ಒಂದು ಖಾಸಗಿ ಸಂಸ್ಥೆಯ ಕ್ಯಾಶ್ ವ್ಯಾನ್ ಸೇವೆಯನ್ನು ಪಡೆಯುತ್ತಿದ್ದೇವೆ. ಮೊದಲು ಮ್ಯಾನೇಜರರೇ ಒಬ್ಬ ಹುಡುಗನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹಣ ಒಯ್ಯುತ್ತಿದ್ದರು. ಫೋನ್‌ಪೇ ಬಂದ ಮೇಲೆ ನಗದು ಕಡಿಮೆಯಾಗಿರುವುದು ನಿಜ. ಆದರೂ ಲಾರಿ, ಟ್ರ್ಯಾಕ್ಟರ್‌ನವರಲ್ಲಿ ಅನೇಕರು ಇಂದಿಗೂ ನೋಟನ್ನೇ ಕೊಡುತ್ತಾರೆ, ತೊಗರಿ ರಾಶಿಯ ಕಾಲದಲ್ಲಿ ಗಂಜ್ ಮಾರುಕಟ್ಟೆಗೆ ಬರುವ ಗಾಡಿಗಳು ಹೆಚ್ಚಿದಾಗ ಗಲ್ಲಾಪೆಟ್ಟಿಗೆ ಎರಡು ಪಟ್ಟು ತುಂಬುತ್ತದೆ.

2025ರ ಜನವರಿ 16ರಂದು ಬೀದರಿನಲ್ಲಿ ನಡೆದದ್ದನ್ನು ಕೇಳಿದ ಮೇಲೆ ಬೈಕಿನ ವ್ಯವಸ್ಥೆಯನ್ನು ಮುಂದುವರಿಸುವ ಧೈರ್ಯ ಬರಲಿಲ್ಲ. ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಎದುರು, ಹಾಡಹಗಲೇ, ಎಟಿಎಂಗೆ ತುಂಬಬೇಕಿದ್ದ ಹಣದ ಪೆಟ್ಟಿಗೆಯನ್ನು ವಾಹನಕ್ಕೆ ಏರಿಸುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದರು. ಒಬ್ಬರ ಪ್ರಾಣ ಹೋಯಿತು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು, 80 ಲಕ್ಷಕ್ಕೂ ಹೆಚ್ಚು ಹಣ ಹೋಯಿತು. ಆ ವಾಹನದ ತಗಡು ಎಷ್ಟು ದಪ್ಪವಿತ್ತು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ, ಏಕೆಂದರೆ ಪೆಟ್ಟಿಗೆ ಇನ್ನೂ ವಾಹನದ ಹೊರಗಿತ್ತು. ಆದ್ದರಿಂದ ಇಂಥ ಸೇವೆಯನ್ನು ಅಳೆಯಬೇಕಾದದ್ದು ಬಾಗಿಲಿನಿಂದ ವಾಹನದವರೆಗಿನ ಆ ಹತ್ತಾರು ಹೆಜ್ಜೆಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸಂಸ್ಥೆಯ ಕಾಗದಪತ್ರದ ಕೆಲಸ ಅಚ್ಚುಕಟ್ಟಾಗಿದೆ. ಹಣವನ್ನು ನಾವೇ ಎಣಿಸಿ, ಯಾವ ನೋಟು ಎಷ್ಟು ಎಂದು ಚಾಲಾನ್‌ನಲ್ಲಿ ಬರೆದು, ಕ್ರಮಸಂಖ್ಯೆ ಮುದ್ರಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಟಿಸುತ್ತೇವೆ. ಒಮ್ಮೆ ಅಂಟಿಸಿದ ಪಟ್ಟಿಯನ್ನು ಕಿತ್ತರೆ ಗುರುತು ಎದ್ದು ಕಾಣುವುದರಿಂದ ನಡುವೆ ಯಾರಾದರೂ ಕೈಹಾಕಿದರೆ ಮುಚ್ಚಿಡಲಾಗುವುದಿಲ್ಲ. ಹಣ ಪಡೆಯಲು ಬರುವ ಕಸ್ಟೋಡಿಯನ್‌ರ ಭಾವಚಿತ್ರ ಮತ್ತು ಸಹಿ ಇರುವ ಪಟ್ಟಿಯನ್ನು ಮೊದಲೇ ಕೊಟ್ಟಿದ್ದಾರೆ. ಗುರುತಿನ ಚೀಟಿಯನ್ನು ಅದರೊಂದಿಗೆ ತಾಳೆ ನೋಡದೆ ನಮ್ಮ ಮ್ಯಾನೇಜರ್ ಚೀಲ ಕೊಡುವುದಿಲ್ಲ. ಒಮ್ಮೆ ಪಟ್ಟಿಯಲ್ಲಿಲ್ಲದ ಹೊಸಬರು ಬಂದಾಗ, ಅವರು ತೋರಿಸಿದ ಮೊಬೈಲ್ ಸಂಖ್ಯೆಗಲ್ಲ, ಒಪ್ಪಂದದಲ್ಲಿರುವ ಸಂಸ್ಥೆಯ ಶಾಖೆಯ ಸಂಖ್ಯೆಗೇ ಕರೆ ಮಾಡಿ ಖಾತ್ರಿಪಡಿಸಿಕೊಂಡೆವು; ಬಂದವರೂ ಬೇಸರಿಸದೆ ಕಾದರು. ಚೀಲ ಅವರ ಕೈಸೇರಿ ರಶೀದಿ ಬಂದ ಮೇಲೆ ನಷ್ಟವಾದರೆ ಅದು ಅವರ ಹೊಣೆ ಎಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ.

ಗುರುತಿನ ಬಗ್ಗೆ ಇಷ್ಟು ಬಿಗಿ ಬೇಕೇ ಎಂದು ಕೇಳುವವರಿಗೆ ಬೆಂಗಳೂರಿನ ಪ್ರಕರಣವೇ ಉತ್ತರ. 2025ರ ನವೆಂಬರ್ 19ರಂದು ಅಲ್ಲಿ 7.11 ಕೋಟಿ ರೂಪಾಯಿ ಇದ್ದ ಕ್ಯಾಶ್ ವ್ಯಾನನ್ನು ಹಗಲಿನಲ್ಲೇ ತಡೆದವರು ತಾವು ರಿಸರ್ವ್ ಬ್ಯಾಂಕಿನ ಅಧಿಕಾರಿಗಳೆಂದು ಹೇಳಿಕೊಂಡಿದ್ದರು. ಮುಂದೆ ಬಂಧನವಾದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಹಣ ಸಾಗಿಸುವ ಸಂಸ್ಥೆಯ ಮಾಜಿ ನೌಕರ ಇದ್ದರು. ಕೇಂದ್ರ ಸರ್ಕಾರದ 2018ರ ನಿಯಮದಂತೆ ಒಂದು ಸುತ್ತಿನಲ್ಲಿ ಒಂದು ವಾಹನ 5 ಕೋಟಿಗಿಂತ ಹೆಚ್ಚು ಹಣ ಒಯ್ಯುವಂತಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅದೇ ನಿಯಮಗಳು ಚಾಲಕನಲ್ಲದೆ ಇಬ್ಬರು ಶಸ್ತ್ರಧಾರಿ ಕಾವಲುಗಾರರು ಮತ್ತು ಇಬ್ಬರು ಕಸ್ಟೋಡಿಯನ್‌ಗಳು ಇರಬೇಕೆಂದು ಹೇಳುತ್ತವೆ. ಒಬ್ಬ ಗನ್‌ಮ್ಯಾನ್ ಮುಂದೆ ಚಾಲಕನ ಪಕ್ಕದಲ್ಲಿ, ಇನ್ನೊಬ್ಬ ಹಿಂದೆ ಕೂರಬೇಕು. ಹಣ ಏರಿಸುವಾಗಲೂ, ಊಟ, ಚಹಾದ ವೇಳೆಯಲ್ಲೂ ಒಬ್ಬರಾದರೂ ವಾಹನದ ಬಳಿಯೇ ಇರಬೇಕು. ನಮ್ಮ ಅಸಮಾಧಾನ ಇರುವುದು ಇಲ್ಲಿಯೇ. ವ್ಯಾನಿಗೆ ಜಿಪಿಎಸ್ ಇದೆ, ಕ್ಯಾಮೆರಾಗಳಿವೆ, ಪೆಟ್ಟಿಗೆಗಳನ್ನು ಸರಪಳಿಯಿಂದ ನೆಲಕ್ಕೆ ಬಿಗಿದಿದ್ದಾರೆ. ಆದರೆ ಎಷ್ಟೋ ಸಲ ಬಂದೂಕು ಹಿಡಿದವರು ಒಬ್ಬರೇ. ಆ ಒಬ್ಬರು ಕಸ್ಟೋಡಿಯನ್ ಜೊತೆ ಒಳಗೆ ಬಂದರೆ ವಾಹನ ಅನಾಥ, ವಾಹನದ ಬಳಿ ನಿಂತರೆ ಚೀಲ ಹಿಡಿದವರು ಅನಾಥ.

ಸೇನೆಯಿಂದ ನಿವೃತ್ತರಾದ ಹಿರಿಯ ಗನ್‌ಮ್ಯಾನ್ ಒಬ್ಬರು ಬರುವ ದಿನ ಮಾತ್ರ ನನಗೆ ಸಮಾಧಾನ. ಅವರು ಇಳಿದ ಕೂಡಲೇ ಬೆನ್ನನ್ನು ವ್ಯಾನಿನ ಬಾಗಿಲಿಗೆ ಕೊಟ್ಟು, ಪಂಪ್‌ಗಳ ನಡುವೆ ಸ್ಟಾರ್ಟ್ ಮಾಡಿಟ್ಟುಕೊಂಡ ಬೈಕ್ ಯಾವುದಾದರೂ ಇದೆಯೇ ಎಂದು ಒಂದು ಸುತ್ತು ನೋಡುತ್ತಾರೆ. ಹೆಲ್ಮೆಟ್ ತೆಗೆಯದೆ ನಿಂತವರು ಹೋಗುವವರೆಗೆ ಕಸ್ಟೋಡಿಯನ್‌ರನ್ನು ಹೊರಗೆ ಬಿಡುವುದಿಲ್ಲ. ನಮ್ಮ ಹುಡುಗ ಚಹಾ ಒಯ್ದರೆ, "ಗಾಡಿ ಬಿಟ್ಟು ಬರಂಗಿಲ್ಲಪ್ಪಾ, ಚಹಾ ಆಮ್ಯಾಲ" ಎಂದು ಕೈಯಾಡಿಸುತ್ತಾರೆ. ಬೇರೆ ಕಾವಲುಗಾರರಲ್ಲಿ ಕೆಲವರು ಮೊಬೈಲಿನಲ್ಲಿ ಮುಳುಗಿ, ಬಂದೂಕನ್ನು ಸೀಟಿನ ಮೇಲೇ ಬಿಟ್ಟು ಇಳಿಯುವುದನ್ನು ಕಂಡು ಶಾಖೆಗೆ ದೂರಿದ್ದೇನೆ. ಆ ಹುದ್ದೆಯಲ್ಲಿರುವವರಿಗೆ ಸಿಗುವ ಸಂಬಳ ಎಷ್ಟು, ಬಿಸಿಲಿನಲ್ಲಿ ಅವರು ಎಷ್ಟು ತಾಸು ದುಡಿಯುತ್ತಾರೆ ಎಂಬುದನ್ನು ಬಲ್ಲವನಾಗಿ ತಪ್ಪನ್ನೆಲ್ಲ ಅವರ ತಲೆಗೇ ಕಟ್ಟಲು ನಾನು ಸಿದ್ಧನಿಲ್ಲ. ಸಾಲುವಷ್ಟು ಜನರನ್ನು ನೇಮಿಸಿ ತರಬೇತಿ ಕೊಡಬೇಕಾದದ್ದು ಸಂಸ್ಥೆ.

ಇನ್ನೊಂದು ದೋಷ ವೇಳೆಯದು. ವ್ಯಾನ್ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಬರುತ್ತದೆ. ಎದುರಿನ ಪಂಕ್ಚರ್ ಅಂಗಡಿಯವರಿಗೂ ಆ ಹೊತ್ತು ಗೊತ್ತು. ದಾರಿ ಮತ್ತು ವೇಳೆಯನ್ನು ಆಗಾಗ ಬದಲಿಸುವುದು ಈ ವೃತ್ತಿಯ ಮೊದಲ ಪಾಠ, ಅದಕ್ಕೆ ಖರ್ಚೂ ಇಲ್ಲ.

ಶುಲ್ಕ ನಮ್ಮ ವ್ಯವಹಾರಕ್ಕೆ ಹೊರೆಯೆನಿಸಿಲ್ಲ. ಹಣವೂ ಹೆಚ್ಚಾಗಿ ಅದೇ ದಿನ ಖಾತೆಗೆ ಜಮೆಯಾಗುತ್ತದೆ. ದಿನಕ್ಕೆ ಲಕ್ಷಗಳಲ್ಲಿ ನಗದು ಬರುವ ಬಂಕ್, ಸಗಟು ಕಿರಾಣಿ, ಸರಾಫ ಅಂಗಡಿಯವರಿಗೆ ಈ ಸೇವೆಯನ್ನು ಧಾರಾಳವಾಗಿ ಹೇಳಬಲ್ಲೆ, ಆದರೆ ಸಹಿ ಹಾಕುವ ಮುನ್ನ ಕಾವಲುಗಾರರ ಸಂಖ್ಯೆಯನ್ನು ಬರೆಸಿಕೊಳ್ಳಿ. ನಮ್ಮ ಒಪ್ಪಂದದ ನವೀಕರಣಕ್ಕೆ ನಾವು ಎರಡು ಷರತ್ತು ಇಟ್ಟಿದ್ದೇವೆ: ವೇಳೆ ಬದಲಾಗುತ್ತಿರಬೇಕು, ಗನ್‌ಮ್ಯಾನ್ ಇಬ್ಬರಿರಬೇಕು. ಮೊದಲನೆಯದನ್ನು ಇಲ್ಲಿನ ಶಾಖೆ ಒಪ್ಪಿದೆ. ಎರಡನೆಯದಕ್ಕೆ ಅವರ ಹೈದರಾಬಾದ್ ಕಚೇರಿಯಿಂದ ಉತ್ತರ ಬರಬೇಕಿದೆ.