ಚಿಕ್ಕಪ್ಪನ ಕಾಲಿನ ಹುಣ್ಣಿಗೆ ಮೂರು ಆಸ್ಪತ್ರೆ

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಬೇಗ ಒಣಗುವಂಥದ್ದಲ್ಲ. ಹಾಗಾಗಿ ಚಿಕ್ಕಪ್ಪನ ಜೊತೆ ಮೂರು ಥರದ ಆಸ್ಪತ್ರೆ ನೋಡಿದ್ದಾಯಿತು. ಮನೆ ಹತ್ತಿರದ ನರ್ಸಿಂಗ್ ಹೋಮ್, ಊರಾಚೆಯ ಖಾಸಗಿ ಮೆಡಿಕಲ್ ಕಾಲೇಜು, ಆಮೇಲೆ ಎಲ್ಲರೂ ದೊಡ್ಡಾಸ್ಪತ್ರೆ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಹೆಸರು ಬೇಡ.

ಆರಾಮಕ್ಕೆ ನರ್ಸಿಂಗ್ ಹೋಮೇ ಸರಿ. ಫೋನ್ ಮಾಡಿ ಹೋದರೆ ಕಾಯುವ ಗೋಜಿಲ್ಲ. ಡಾಕ್ಟರ್ ಮನೆಮಂದಿಯನ್ನೆಲ್ಲ ವಿಚಾರಿಸುತ್ತಾರೆ. ಡ್ರೆಸ್ಸಿಂಗ್ ಅಚ್ಚುಕಟ್ಟು. ಆದರೆ ನೋಡುವವರು ಒಬ್ಬರೇ, ಅವರಿಗೂ ಹೊರಗೆ ಜನ ಕಾಯುತ್ತಿರುತ್ತಾರೆ. ಹುಣ್ಣು ನೋಡಿದರು, ಕಾಲು ನೋಡಲಿಲ್ಲ.

ಖಾಸಗಿ ಕಾಲೇಜಿನ ಆಸ್ಪತ್ರೆ ಕ್ಲೀನು. ಬೆಡ್ ಚಾರ್ಜ್ ಕಡಿಮೆ, ಊಟವನ್ನೂ ಕೊಡುತ್ತಾರೆ. ಕಾಲೇಜಿನ ಮಾನ್ಯತೆ ಉಳಿಯಬೇಕಾದರೆ ಬೆಡ್ ತುಂಬಿರಬೇಕಲ್ಲ, ಹಾಗಾಗಿ ಹಳ್ಳಿಗಳಲ್ಲಿ ಕ್ಯಾಂಪ್ ಮಾಡಿ ವ್ಯಾನಿನಲ್ಲಿ ಕರೆತರುತ್ತಾರೆ. ತಪ್ಪೇನಿಲ್ಲ ಬಿಡಿ, ಬಡವರಿಗೆ ಅನುಕೂಲವೇ. ಔಷಧಿ, ಸ್ಕ್ಯಾನಿನ ಬಿಲ್ ಮಾತ್ರ ಬೇರೆ ಬರುತ್ತದೆ.

ದೊಡ್ಡಾಸ್ಪತ್ರೆಯ ಕಷ್ಟ ಮೊದಲೇ ಹೇಳಿಬಿಡುತ್ತೇನೆ. ಓಪಿಡಿ ಚೀಟಿಗೆ ಬೆಳಗ್ಗೆಯೇ ಕ್ಯೂ. ವೀಲ್‌ಚೇರ್ ನಾವೇ ಹುಡುಕಿ ನಾವೇ ತಳ್ಳಬೇಕು. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವವರೂ ನಾವೇ. ರಾತ್ರಿ ಡ್ರಿಪ್ ಮುಗಿದರೆ ಸಿಸ್ಟರ್‌ನ ಹುಡುಕಿಕೊಂಡು ಹೋಗಬೇಕು, ಅಷ್ಟು ದೊಡ್ಡ ವಾರ್ಡಿಗೆ ಅವರಿದ್ದದ್ದೇ ಇಬ್ಬರು. ಬಾತ್‌ರೂಮಿನ ವಿಷಯ ಬೇಡ. ಜೊತೆಗಿರುವವರು ಮಲಗುವುದು ಕಾರಿಡಾರಿನಲ್ಲಿ.

'ಅಲ್ಲಿ ಕಲಿಯೋ ಹುಡುಗ್ರು ಕೈಗೆ ಸಿಕ್ಕಿಹಾಕ್ಕೋಬೇಡಿ' ಅಂತ ನೆಂಟರೆಲ್ಲ ಹೆದರಿಸಿದ್ದರು. ನನಗೆ ಆಸ್ಪತ್ರೆ ಇಷ್ಟವಾಗಿದ್ದು ಆ ಹುಡುಗರಿಂದಲೇ. ಮೊದಲು ಒಬ್ಬಳು ಹೌಸ್ ಸರ್ಜನ್ ಬಂದಳು. ಎಂಬಿಬಿಎಸ್ ಓದು ಮುಗಿಸಿ ಒಂದು ವರ್ಷ ಕಡ್ಡಾಯವಾಗಿ ವಾರ್ಡಿನಲ್ಲಿ ದುಡಿಯುವವರು ಇವರು. ಅವಳು ಕೇಳಿದ್ದು, "ಯಜಮಾನ್ರೇ, ನಡೀವಾಗ ಚಪ್ಪಲಿ ಜಾರಿ ಬಿದ್ರೆ ಗೊತ್ತಾಗುತ್ತಾ?" ಚಿಕ್ಕಪ್ಪ ಯೋಚನೆ ಮಾಡಿ, ಎಷ್ಟೋ ಸಲ ಒಂದೇ ಚಪ್ಪಲೀಲಿ ಮನೆಗೆ ಬಂದಿದ್ದೀನಿ ಅಂದರು. ನಮ್ಮ ಮನೆಯಲ್ಲಿ ಅದೊಂದು ತಮಾಷೆಯ ಕಥೆಯಾಗಿತ್ತು. ಅವಳು ನಗಲಿಲ್ಲ. ನೈಲಾನ್ ದಾರದಂಥ ಕಡ್ಡಿಯನ್ನು ಪಾದದ ಅಲ್ಲಲ್ಲಿ ಒತ್ತಿ ನೋಡಿದಳು. ಬಹಳ ಕಡೆ ಸ್ಪರ್ಶವೇ ಇರಲಿಲ್ಲ. ಸಕ್ಕರೆಯಿಂದ ನರ ಸತ್ತಿದೆ, ಹಾಗಾಗಿ ಒತ್ತಿದರೂ ಉಜ್ಜಿದರೂ ನೋವಾಗದೆ ಹುಣ್ಣು ಬೆಳೆಯುತ್ತಲೇ ಇತ್ತು.

ಆಮೇಲೆ ಪಿಜಿ, ಅಂದರೆ ಎಂಬಿಬಿಎಸ್ ಆದಮೇಲೆ ಮುಂದಿನ ಡಿಗ್ರಿ ಓದುತ್ತಿರುವ ಡಾಕ್ಟರ್, ಬಂದು ಅದನ್ನೇ ಮತ್ತೆ ಕೇಳಿದ. ಪಾದದ ನಾಡಿ ಹಿಡಿದು ನೋಡಿದ, ಯಾವ ಕ್ರಿಮಿ ಅಂತ ತಿಳಿಯಲು ಕೀವನ್ನು ಕಲ್ಚರ್‌ಗೆ ಕಳಿಸಿದ. ರೌಂಡ್ಸಿನಲ್ಲಿ ಪ್ರೊಫೆಸರ್ ಬೆಡ್ ಮುಂದೆಯೇ, 'ಈ ಹುಣ್ಣು ಯಾಕೆ ಒಣಗ್ತಿಲ್ಲ?' ಅಂತ ಎಲ್ಲರನ್ನೂ ಸಾಲಾಗಿ ಕೇಳಿದರು. ತಡವರಿಸಿದವರಿಗೆ ಬೈಗುಳ. ಚಿಕ್ಕಪ್ಪನಿಗಂತೂ ಭಾರಿ ಮಜಾ. ಹೇಳಿದ್ದನ್ನೇ ಹೇಳಿ ಸುಸ್ತಾಗುವುದು ನಿಜ. ಹತ್ತು ಜನರ ಮುಂದೆ ಕಾಲು ಚಾಚಿ ಮಲಗುವುದು ಮುಜುಗರವೂ ಹೌದು, ಹೆಣ್ಣುಮಕ್ಕಳಿಗೆ ಇನ್ನೂ ಜಾಸ್ತಿ. ಆದರೆ ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತದೆ. ಖಾಸಗಿ ಕಾಲೇಜಿನಲ್ಲೂ ಹುಡುಗರಿದ್ದರು, ಆದರೆ ಇಂಥ ಕಾಲುಗಳನ್ನು ದಿನಾ ನೋಡಿದ ಕೈ ಅವರದಾಗಿರಲಿಲ್ಲ.

ಕೆಲವು ದೊಡ್ಡಾಸ್ಪತ್ರೆಗಳು ಕಾಲೇಜಿಗಿಂತ ಹಳೆಯವು. ಉದಾಹರಣೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಶುರುವಾಗಿದ್ದು 1900ರಲ್ಲಿ, ಈಗ ಅದರ ಜೊತೆಗಿರುವ ಮೆಡಿಕಲ್ ಕಾಲೇಜು ಬಂದಿದ್ದು 1955ರಲ್ಲಿ. ಅಂಥ ಕಡೆ ರೋಗಿಗಳು ಮೊದಲು, ಹುಡುಗರು ಆಮೇಲೆ. ಯಾರನ್ನೂ ವಾಪಸ್ ಕಳಿಸುವಂತಿಲ್ಲ. ನಾವು ಕ್ಯಾಶುವಾಲ್ಟಿಯಲ್ಲಿ ಕೂತಿದ್ದಾಗ ಹಾವು ಕಚ್ಚಿದ ಒಬ್ಬರನ್ನು ಕರೆತಂದರು. ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ಹೆಪ್ಪುಗಟ್ಟದಿದ್ದರೆ ಮಂಡಲದಂಥ ಹಾವಿನ ವಿಷ ಏರಿದೆ ಅಂತ ಲೆಕ್ಕ. ಅವರನ್ನು ಅಲ್ಲಿಗೆ ಕಳಿಸಿದ್ದೂ ಒಂದು ನರ್ಸಿಂಗ್ ಹೋಮೇ.

ದುಡ್ಡಿನ ವಿಷಯ: ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಮರ್ಜೆನ್ಸಿ ಅಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸುಮ್ನೆ ಮೊದಲೇ ಖಾಸಗಿಗೆ ಓಡಿ ಆಮೇಲೆ ಚೀಟಿಗೆ ಅಲೆಯಬೇಡಿ.

ಜ್ವರ, ಕೆಮ್ಮು, ಹೊಲಿಗೆ ಬಿಚ್ಚಿಸುವುದಕ್ಕೆ ನನ್ನ ಓಟು ನರ್ಸಿಂಗ್ ಹೋಮಿಗೆ. ಯೋಜಿತ ಆಪರೇಷನ್ನಿಗೆ ಖಾಸಗಿ ಕಾಲೇಜು ಪರವಾಗಿಲ್ಲ. ಯಾಕೆ ಅಂತ ಗೊತ್ತಾಗದೆ ಎಳೆಯುತ್ತಿರುವ ಕಾಯಿಲೆಗೆ ದೊಡ್ಡಾಸ್ಪತ್ರೆ, ಜೊತೆಗೆ ಓಡಾಡಲು ಒಬ್ಬರಿದ್ದರೆ ಮಾತ್ರ. ಚಿಕ್ಕಪ್ಪನಿಗೆ ಅಲ್ಲಿ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಬರೆದುಕೊಟ್ಟರು. ಹಿಂದೆ ಪಟ್ಟಿ ಇದೆ, ಜಾರುವುದಿಲ್ಲ. ದಿನದ ಡ್ರೆಸ್ಸಿಂಗಿಗೆ ಈಗಲೂ ನರ್ಸಿಂಗ್ ಹೋಮಿಗೇ ಹೋಗುತ್ತೇವೆ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದುಕೊಂಡು.