ವಿಪಿಎನ್ ಹಾಕುವವರು ಲ್ಯಾಪ್‌ಟಾಪಿನ ಟೈಮ್ ಝೋನ್ ನೋಡಿಕೊಳ್ಳಿ

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಊರಿಂದಲೇ ಆಫೀಸ್ ಕೆಲಸ ಮಾಡುವವರಿಗೆ ಇದನ್ನು ಹೇಳಲೇಬೇಕು. ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ ಟೈಮ್ ಝೋನ್ ತಾನೇ ಬದಲಿಸುವ ಸ್ಕ್ರಿಪ್ಟ್ ನಿಮ್ಮದರಲ್ಲಿದ್ದರೆ ಇವತ್ತೇ ತೆಗೆಸಿ.

ನನ್ನದರಲ್ಲಿ ಆಫೀಸಿನ ಐಟಿಯವರೇ ಹಾಕಿ ಕೊಟ್ಟಿದ್ದರು, ಹೊರದೇಶಕ್ಕೆ ಓಡಾಡುವವರಿಗೆ ಅನುಕೂಲ ಅಂತ. ಆಷಾಢದಲ್ಲಿ ತೀರ್ಥಹಳ್ಳಿ ಹತ್ತಿರದ ಮನೆಗೆ ಬಂದಿದ್ದೆ. ಹನ್ನೊಂದಕ್ಕೆ ಕ್ಲೈಂಟ್ ಮೀಟಿಂಗ್. ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಷ್ಟೆ, ಕ್ಯಾಲೆಂಡರಿಗೆ ಇನ್ವೈಟ್ ಬಂದಿರಲಿಲ್ಲ. ಬಂದಿದ್ದರೆ ರಿಮೈಂಡರ್ ಸರಿಯಾದ ಹೊತ್ತಿಗೇ ಬಡಿಯುತ್ತಿತ್ತು. ಬೆಳಿಗ್ಗೆ ವಿಪಿಎನ್, ಅಂದರೆ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ, ಹಾಕಿದೆ. ಅದು ಹೊರಬೀಳುವುದು ದುಬೈ ಸರ್ವರಿನಿಂದ, ಹಾಗಾಗಿ ನನ್ನ ಐಪಿಯೂ ದುಬೈನದೇ ಅಂತ ಕಾಣುತ್ತದೆ. ಸ್ಕ್ರಿಪ್ಟ್ ಆ ಐಪಿ ನಂಬಿ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಳ್ಳಿತು.

ಆ ಮಳೆಯಲ್ಲಿ ಒಂಬತ್ತೂವರೆಯೋ ಹನ್ನೊಂದೋ ಅಂತ ಬೆಳಕು ನೋಡಿ ಹೇಳುವ ಹಾಗಿರಲಿಲ್ಲ. ನಮ್ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯಲ್ಲಿ ಮಾತ್ರ, ಫೋನ್ ಅಲ್ಲೇ ಇತ್ತು. ಹಂಚಿನ ಮೇಲೆ ಸುರಿಯುವ ಸದ್ದಿಗೆ ರಿಂಗು ಒಳಗೆ ಕೇಳಲಿಲ್ಲ. ಹೆಡ್‌ಸೆಟ್ ಹಾಕಿಕೊಳ್ಳುತ್ತಿದ್ದಾಗ ಅಮ್ಮ ಬಂದು, "ಹನ್ನೆರಡೂವರೆ ಆಗ್ತಾ ಬಂತಲ್ಲ, ಊಟಕ್ಕೆ ಏಳಲ್ವಾ?" ಅಂದರು. ಸ್ಕ್ರೀನಿನಲ್ಲಿ 10:55. ಆ ಕೆಲಸ ಬೇರೆ ತಂಡಕ್ಕೆ ಹೋಯಿತು. ತಿಂಗಳುಗಟ್ಟಲೆ ಅದಕ್ಕೆ ತಯಾರಿ ಮಾಡಿದ್ದೆ, ಇವತ್ತಿಗೂ ಸಂಕಟವಾಗುತ್ತದೆ.

ಇಲ್ಲಿ ಗಡಿಯಾರ ಕೆಟ್ಟಿರಲಿಲ್ಲ. ಇಂಟರ್‌ನೆಟ್ಟಿನಿಂದ ಬರುವ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಸರಿಯಾಗಿಯೇ ಇತ್ತು, ಅದಕ್ಕೆ 5:30 ಕೂಡಿಸುವ ಬದಲು 4 ಕೂಡಿಸಿತ್ತು. ಹಾಗಾಗಿ "ದಿನಾಂಕ, ಸಮಯ ಆಟೋಮ್ಯಾಟಿಕ್" ಆನ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಝೋನಿನದು ಬೇರೆಯೇ ಸ್ವಿಚ್ಚು. ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಝೋನಿಗಾಗಿ ಜಾಗ ಹುಡುಕಿಕೊಡುವುದು ಜಿಯೋಕ್ಲೂ ಅನ್ನುವ ಪ್ರೋಗ್ರಾಂ. ಸುತ್ತಲಿನ ವೈಫೈಗಳನ್ನು ನೋಡಿ ಜಾಗ ಅಂದಾಜು ಮಾಡುತ್ತದೆ. ಅದು ನೆಚ್ಚಿಕೊಂಡಿದ್ದ ಮೊಜಿಲ್ಲಾದ ಸ್ಥಳ ಸೇವೆ 2024ರಲ್ಲಿ ನಿಂತಿತು, ಈಗ ಬೇರೆ ಸೇವೆಗಳಿವೆ. ಆದರೆ ಅಡಿಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಕಾಣುವುದು ನಮ್ಮದೊಂದೇ ರೂಟರ್. ಅಂಥ ಕಡೆ ಅದೂ ಐಪಿಯನ್ನೇ ಹಿಡಿಯುವುದುಂಟು.

ನಾನೀಗ ಆಟೋಮ್ಯಾಟಿಕ್ ಟೈಮ್ ಝೋನ್ ಆಫ್ ಮಾಡಿ ಏಷ್ಯಾ/ಕೋಲ್ಕತಾ ಅಂತ ಕೈಯಾರೆ ಇಟ್ಟಿದ್ದೇನೆ. ಭಾರತದ ಉದ್ದಗಲಕ್ಕೂ ಒಂದೇ ಝೋನ್, ಇಲ್ಲೇ ಓಡಾಡುವವರಿಗೆ ಅಷ್ಟು ಸಾಕು. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (timedatectl) ಕಮಾಂಡ್ ಕೊಟ್ಟರೆ ಝೋನ್ ಯಾವುದಿದೆ ಅಂತ ತೋರಿಸುತ್ತದೆ. ವಿಪಿಎನ್ ಹಾಕಿದ ಮೇಲೆ ಒಮ್ಮೆ ನೋಡಿ. ಹೊರದೇಶಕ್ಕೆ ಹೋದರೆ ಇಳಿದ ಕೂಡಲೇ ನೀವೇ ಬದಲಿಸಿಕೊಳ್ಳಿ. ಹೇಳಿದ ಹೊತ್ತಿಗೆ ಕೆಲಸ ತಾನೇ ಓಡಿಸುವ ಕ್ರಾನ್‌ನಲ್ಲಿ ಬ್ಯಾಕಪ್ ಇಟ್ಟವರು ಝೋನ್ ಬದಲಾದ ಮೇಲೆ ಕ್ರಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಅದು ಹಳೇ ಝೋನಿನ ಲೆಕ್ಕದಲ್ಲೇ ಓಡಬಹುದು.