ತೀರಿಕೊಂಡವರ ಸಿಮ್ ಬಂದ್ ಆಗಲು ಬಿಡಬೇಡಿ

ಮನೆಯಲ್ಲಿ ಸಾವಾದ ಮೇಲೆ ಮರಣ ಪ್ರಮಾಣಪತ್ರ, ಪೌತಿ ಖಾತೆ, ರೇಷನ್ ಕಾರ್ಡು ಎಂದು ಎಲ್ಲರೂ ಓಡಾಡುತ್ತಾರೆ. ಹೋದವರ ಫೋನ್ ನಂಬರಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಹೊಸನಗರ ತಾಲೂಕಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಭಾವ ಹೋದದ್ದು ಆಷಾಢದ ಮಳೆಯಲ್ಲಿ. ಆ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಕಾರ್ಯವೆಲ್ಲ ಮುಗಿದ ಮೇಲೆ ಭಾವನ ಫೋನ್ ಕಪಾಟು ಸೇರಿತು. "ಮಾತಾಡೋರೇ ಇಲ್ಲ, ಇನ್ನು ಕರೆನ್ಸಿ ಯಾಕೆ ಹಾಕ್ಸೋದು" ಅಂದಳು ಅಕ್ಕ. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು.

ಅಡಿಕೆಯ ಕೊನೆಕೊಯ್ಲೆಲ್ಲ ಮುಗಿದು ಶಿವರಾತ್ರಿ ಹೊತ್ತಿಗೆ ವಿಮೆಯ ಮಾತು ಬಂತು. ಪಾಲಿಸಿ ಕಾಗದ ಭಾವನ ಜಿಮೇಲ್‌ನಲ್ಲಿತ್ತು, ಫೋನಿಗೆ ಪ್ಯಾಟರ್ನ್ ಲಾಕ್. ಅಕ್ಕನ ಮಗ ಪೇಟೆಯ ಮೊಬೈಲ್ ಅಂಗಡಿಗೆ ಕೊಟ್ಟ. "ಓಪನ್ ಮಾಡಿಕೊಡ್ತೀನಿ ಬಿಡಿ" ಅಂದವನು ಮಾಡಿದ್ದು ಫ್ಯಾಕ್ಟರಿ ರೀಸೆಟ್. ಪ್ಯಾಟರ್ನೂ ಹೋಯಿತು, ಫೋನಿನೊಳಗಿದ್ದ ಫೋಟೋ, ರೆಕಾರ್ಡಿಂಗ್ ಎಲ್ಲವೂ ಹೋದವು. ಸಾಲದ್ದಕ್ಕೆ, ಹೀಗೆ ರೀಸೆಟ್ ಮಾಡಿದ ಆಂಡ್ರಾಯ್ಡ್ ಫೋನು ಹಳೆಯ ಲಾಕನ್ನೋ ಗೂಗಲ್ ಪಾಸ್‌ವರ್ಡನ್ನೋ ಕೇಳಿ ನಿಂತುಬಿಡುತ್ತದೆ. ಕದ್ದ ಫೋನು ಕಳ್ಳನಿಗೆ ದಕ್ಕಬಾರದು ಅಂತ ಮಾಡಿದ ವ್ಯವಸ್ಥೆ ಅದು. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಓಟಿಪಿ ಹೋಗುವುದು ಬಂದ್ ಆದ ನಂಬರಿಗೆ.

ಬಂದ್ ಆದದ್ದಷ್ಟೇ ಅಲ್ಲ, ಅದು ಆಗಲೇ ಬೇರೆಯವರ ಪಾಲಾಗಿತ್ತು. ಸಂಪರ್ಕ ಕಡಿದ ನಂಬರನ್ನು 90 ದಿನ ಖಾಲಿ ಬಿಟ್ಟು, ಆಮೇಲೆ ಕಂಪನಿಗಳು ಹೊಸ ಗಿರಾಕಿಗೆ ಕೊಡಬಹುದು. ಒಂದು ಬೆಳಿಗ್ಗೆ ಅಕ್ಕನ ವಾಟ್ಸ್‌ಆ್ಯಪ್‌ನಲ್ಲಿ ‘ನಮ್ಮನೆಯವರು’ ಎಂಬ ಹೆಸರಿನ ಪಕ್ಕ, ಕಪ್ಪು ಕನ್ನಡಕ ಹಾಕಿ ಬೈಕ್ ಮೇಲೆ ಕೂತ ಹುಡುಗನ ಫೋಟೋ! ಅವಳು ಅವತ್ತಿಡೀ ಅನ್ನ ಮುಟ್ಟಲಿಲ್ಲ. ಹುಡುಗನದೇನೂ ತಪ್ಪಿಲ್ಲ, ದುಡ್ಡು ಕೊಟ್ಟು ಸಿಮ್ ಕೊಂಡಿದ್ದಾನೆ. ಆದರೆ ಭಾವನ ಬ್ಯಾಂಕ್ ಮೆಸೇಜು, ಆಧಾರ್ ಓಟಿಪಿ, ಎಲ್ಲ ಹೋಗುವುದು ಅವನ ಕೈಗೆ. ಅವನು ಒಳ್ಳೆಯವನಾಗಿದ್ದದ್ದು ನಮ್ಮ ಪುಣ್ಯ.

ಇಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಅಕ್ಕನ ಮಗ ನೆಟ್‌ನಲ್ಲಿ ‘ಜಿಮೇಲ್ ಕಸ್ಟಮರ್ ಕೇರ್’ ಅಂತ ಹುಡುಕಿ, ಸಿಕ್ಕ ನಂಬರಿಗೆ ಫೋನ್ ಹಚ್ಚಿದ. ಆ ಕಡೆಯವನು ಮೊದಲು ಸಂತಾಪ ಹೇಳಿದ, ಮರಣ ಪ್ರಮಾಣಪತ್ರ ತರಿಸಿಕೊಂಡ, ಪರಿಶೀಲನೆಗೆ ಹತ್ತು ರೂಪಾಯಿ ಕಟ್ಟಿ ಅಂದ. ಅದಕ್ಕೊಂದು ಆ್ಯಪ್ ಹಾಕಿಸಿದ. ಅದು ಸ್ಕ್ರೀನ್ ಹಂಚುವ ಆ್ಯಪ್. ಇವನು ಒತ್ತಿದ ಪಿನ್ ಅವನಿಗೆ ಕಂಡಿತು. ಇಪ್ಪತ್ತು ಸಾವಿರದ ಚಿಲ್ಲರೆ ಹೋಯಿತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಅದರಲ್ಲಿ ಒಂದಿಷ್ಟನ್ನು ತಡೆಹಿಡಿದರು. ಖಾತೆ ತೆರೆದುಕೊಡಲು ಗೂಗಲ್‌ನವರು ಫೋನಿನಲ್ಲಿ ಮಾತಾಡುವುದೂ ಇಲ್ಲ, ದುಡ್ಡು ಕೇಳುವುದೂ ಇಲ್ಲ. ತೀರಿಕೊಂಡವರ ಖಾತೆಗೆಂದೇ ಅವರದೊಂದು ಅರ್ಜಿ ಇದೆ, ನೆಟ್‌ನಲ್ಲೇ ತುಂಬಬೇಕು. ಪಾಸ್‌ವರ್ಡನ್ನಂತೂ ಯಾರಿಗೂ ಕೊಡುವುದಿಲ್ಲ. ಒಳಗಿನ ಫೋಟೋ, ಕಾಗದಗಳನ್ನು ಕೊಟ್ಟರೆ ಕೊಟ್ಟರು.

ತಮಾಷೆಯೆಂದರೆ ವಿಮೆಗೆ ಈ ಜಿಮೇಲ್ ಬೇಕಾಗಿಯೇ ಇರಲಿಲ್ಲ. ಅಕ್ಕನೇ ನಾಮಿನಿ. ಶಾಖೆಗೆ ಹೋಗಿ ಭಾವನ ಹೆಸರು, ಹುಟ್ಟಿದ ದಿನ ಹೇಳಿದ್ದಕ್ಕೆ ಪಾಲಿಸಿಯನ್ನು ಅವರೇ ಹುಡುಕಿ ತೆಗೆದರು.

ಹಾಗಾಗಿ ಸಿಮ್ಮನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ. ಕಡಿಮೆ ದರದ ಪ್ಲಾನ್ ಹಾಕಿಸಿ ಜೀವಂತ ಇಡಿ. ಮರಣ ಪ್ರಮಾಣಪತ್ರ ಕೈಗೆ ಬಂದ ಮೇಲೆ ಕಂಪನಿಯ ಮಳಿಗೆಗೆ ಹೋಗಿ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಸಿಮ್ ಇದೆಯೆಂದು ಹೋದವರ ಫೋನ್‌ಪೇಯಿಂದ ಹಣ ತೆಗೆಯಲು ಮಾತ್ರ ಹೋಗಬೇಡಿ. ಎಷ್ಟೋ ಮನೆಗಳಲ್ಲಿ ಇದನ್ನು ಸಲೀಸಾಗಿ ಮಾಡುತ್ತಾರೆ, ಆಮೇಲೆ ಅಣ್ಣತಮ್ಮಂದಿರ ನಡುವೆ ಕೋರ್ಟಿನ ತನಕ ಹೋಗುತ್ತದೆ. ಬ್ಯಾಂಕಿಗೆ ಸಾವಿನ ವಿಷಯ ತಿಳಿಸಿ, ನಾಮಿನಿಯ ಮೂಲಕವೇ ಹಣ ಪಡೆಯಿರಿ. ಲಾಕ್ ಗೊತ್ತಿಲ್ಲದ ಫೋನನ್ನು ಅಂಗಡಿಗೆ ಕೊಡುವ ಬದಲು ಚಾರ್ಜ್ ಮಾಡಿ ಎತ್ತಿಡುವುದೇ ಲೇಸು.

ಬದುಕಿರುವವರು ತಮ್ಮ ಗೂಗಲ್ ಖಾತೆಯಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದನ್ನು ತೆರೆದು ನೋಡಿ. 3ರಿಂದ 18 ತಿಂಗಳ ಅವಧಿಯಲ್ಲೊಂದನ್ನು ನೀವೇ ಆರಿಸಬಹುದು. ಅಷ್ಟು ಕಾಲ ಖಾತೆ ಸುಮ್ಮನಿದ್ದರೆ ನೀವು ಸೂಚಿಸಿದವರಿಗೆ ಸುದ್ದಿ ಹೋಗುತ್ತದೆ, ನೀವು ಒಪ್ಪಿದಷ್ಟು ಅವರಿಗೆ ಸಿಗುತ್ತದೆ. ಅಪ್ಪಯ್ಯನ ಹತ್ತಿರ ಈ ಮಾತು ತೆಗೆಯುವುದು ಸುಲಭವಲ್ಲ, ನಮ್ಮ ಕಡೆ ಅಪಶಕುನ ಅಂತಲೇ ಬೈಸಿಕೊಳ್ಳಬೇಕು. ಬೈಸಿಕೊಂಡೇ ಮಾಡಿಸಿ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಗೂಗಲ್ ಅಳಿಸತೊಡಗಿದೆ. ಹಾಗೆ ಅಳಿದದ್ದನ್ನು ಯಾವ ಅಂಗಡಿಯವನೂ, ಯಾವ ಏಜೆಂಟನೂ ವಾಪಸ್ ತಂದುಕೊಡಲಾರ.